ಇರಾಕ್ ಯುದ್ಧದ ಗುಪ್ತಚರ ಮಾಹಿತಿಯನ್ನು ತರಗತಿಯಲ್ಲಿ ಚರ್ಚೆಗಿಟ್ಟ ಬಗೆ: ನನ್ನ ಅನುಭವ

ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಬೋಧಿಸುವ ನಾನು, ಅಂತಿಮ ವರ್ಷದ ವಿದ್ಯಾರ್ಥಿಗಳಿಗಾಗಿ ಪ್ರತಿ ವರ್ಷವೂ ಒಂದು ಚರ್ಚೆಯನ್ನು ಏರ್ಪಡಿಸುತ್ತೇನೆ. ಸದ್ದಾಂ ಹುಸೇನ್ ಸರ್ಕಾರಕ್ಕೂ ಅಲ್ ಖೈದಾಕ್ಕೂ ನಂಟಿದೆ ಎಂದು ಅಮೆರಿಕದ ಗುಪ್ತಚರ ಸಂಸ್ಥೆಗಳ ಬಳಿ ಇದ್ದ ಮಾಹಿತಿ, 2003ರಲ್ಲಿ ಇರಾಕ್ ಮೇಲೆ ಯುದ್ಧಕ್ಕೆ ಹೋಗಲು ಸಾಕಾಗಿತ್ತೇ ಎಂಬುದೇ ಅದರ ವಿಷಯ. ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳು ಸಿಗಲಿಲ್ಲ ಎಂಬುದನ್ನು ಕೇಳಿ ಬಲ್ಲ ವಿದ್ಯಾರ್ಥಿಗಳು ತೀರ್ಪನ್ನು ಮೊದಲೇ ಕೊಟ್ಟುಬಿಟ್ಟಿರುತ್ತಾರೆ. ಅವರನ್ನು ತೀರ್ಪಿನಿಂದ ಸಾಕ್ಷ್ಯದ ಕಡೆಗೆ ತರಲು ನಾನು ರೂಢಿಸಿಕೊಂಡ ಕ್ರಮ ಇದು.

ಮೊದಲ ನಿಯಮ ದಿನಾಂಕದ್ದು. 2003ರ ಮಾರ್ಚ್ 20ರಂದು ಯುದ್ಧ ಆರಂಭವಾಗುವುದಕ್ಕೆ ಮುನ್ನ ಇದ್ದ ಮಾಹಿತಿಯನ್ನು ಒಂದು ಹಾಳೆಯಲ್ಲಿ, ಆಮೇಲೆ ಬಯಲಾದದ್ದನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಮೊದಲ ಹಾಳೆಯ ನಡುವೆ ಗೆರೆ ಎಳೆಸಿ, ಜನರಿಗೆ ಹೇಳಿದ್ದು ಒಂದು ಬದಿಗೆ, ಸರ್ಕಾರದ ಒಳಗೆ ಮಾತ್ರ ಗೊತ್ತಿದ್ದದ್ದು ಇನ್ನೊಂದು ಬದಿಗೆ ಬರುವಂತೆ ಮಾಡುತ್ತೇನೆ. ಚರ್ಚೆಯ ತಿರುಳೆಲ್ಲ ಆ ಗೆರೆಯ ಎರಡು ಬದಿಗಳ ನಡುವಿನ ವ್ಯತ್ಯಾಸದಲ್ಲಿದೆ ಎಂಬುದು ನನ್ನ ದೃಢ ಅಭಿಪ್ರಾಯ.

ಎರಡನೆಯ ನಿಯಮ ಮೂಲದ್ದು. ಒಮ್ಮೆ ಯುದ್ಧದ ಪರ ವಾದಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, "ಸರ್, ಅಧ್ಯಕ್ಷರು ಹೇಳಿದ್ದಾರೆ, ವಿದೇಶಾಂಗ ಸಚಿವರು ಹೇಳಿದ್ದಾರೆ, ಸಿಐಎ ಮುಖ್ಯಸ್ಥರೂ ಬರೆದುಕೊಟ್ಟಿದ್ದಾರೆ. ಮೂರು ಸಾಕ್ಷ್ಯ ಆಯಿತಲ್ಲವೇ?" ಎಂದು ಕೇಳಿದಳು. ಅಲ್ ಖೈದಾದವರಿಗೆ ವಿಷ ಮತ್ತು ವಿಷಾನಿಲಗಳ ಬಳಕೆಯಲ್ಲಿ ಇರಾಕ್ ತರಬೇತಿ ಕೊಟ್ಟಿದೆ ಎಂಬ ಆರೋಪ ಅದು. 2002ರ ಅಕ್ಟೋಬರ್ 7ರಂದು ಸಿನ್ಸಿನಾಟಿಯಲ್ಲಿ ಅಧ್ಯಕ್ಷ ಬುಷ್ ಮಾಡಿದ ಭಾಷಣದಲ್ಲಿ, ಅದೇ ದಿನಾಂಕದ, ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಅವರ ಪತ್ರದಲ್ಲಿ, 2003ರ ಫೆಬ್ರವರಿ 5ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಮಂಡಿಸಿದ ವಿವರದಲ್ಲಿ ಅದು ಬರುತ್ತದೆ. ಮೂರನ್ನೂ ಹಿಂಬಾಲಿಸಿ ಹೋಗು ಎಂದೆ. ಮೂರರ ಹಿಂದೆಯೂ ಮುಖ್ಯ ಮೂಲವಾಗಿ ನಿಂತದ್ದು ಇಬ್ನ್ ಅಲ್ ಶೇಖ್ ಅಲ್ ಲಿಬಿ ಎಂಬ ಒಬ್ಬನೇ ಬಂಧಿತ. ಅವನನ್ನು ಈಜಿಪ್ಟಿಗೆ ಒಪ್ಪಿಸಿ ಅಲ್ಲಿ ವಿಚಾರಣೆ ನಡೆಸಲಾಗಿತ್ತು. ಅವನು ಬೇಕೆಂದೇ ದಾರಿ ತಪ್ಪಿಸುತ್ತಿರುವ ಸಾಧ್ಯತೆ ಇದೆ ಎಂದು ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ನಿನದೇ ಗುಪ್ತಚರ ಸಂಸ್ಥೆ ಡಿಐಎ 2002ರ ಫೆಬ್ರವರಿಯಲ್ಲಿಯೇ, ಅಂದರೆ ಪೊವೆಲ್ ಮಾತನಾಡುವುದಕ್ಕೆ ಒಂದು ವರ್ಷ ಮೊದಲು ಬರೆದಿತ್ತು. ಆ ಅನುಮಾನ ಬುಷ್ ಭಾಷಣದಲ್ಲಿಯೂ ಇಲ್ಲ, ಪೊವೆಲ್ ಭಾಷಣದಲ್ಲಿಯೂ ಇಲ್ಲ. 2004ರಲ್ಲಿ ಅಲ್ ಲಿಬಿ ಆ ಹೇಳಿಕೆಯನ್ನು ಹಿಂತೆಗೆದುಕೊಂಡದ್ದು ಎರಡನೆಯ ಹಾಳೆಗೆ ಹೋಗುತ್ತದೆ. ಡಿಐಎ ಅನುಮಾನ ಮಾತ್ರ ಮೊದಲ ಹಾಳೆಯಲ್ಲೇ, ಗೆರೆಯ ಆಚೆ ಬದಿಯಲ್ಲಿ ಉಳಿಯುತ್ತದೆ.

ಯುದ್ಧದ ಪರ ತಂಡಕ್ಕೆ ಗಟ್ಟಿ ವಾದಗಳನ್ನು ಒದಗಿಸುವುದೂ ನನ್ನ ಹೊಣೆ. ತೊಂಬತ್ತರ ದಶಕದಲ್ಲಿ ಸುಡಾನಿನಲ್ಲಿ ಬಿನ್ ಲಾಡೆನ್ ಇರಾಕಿನ ಗುಪ್ತಚರ ಅಧಿಕಾರಿಯನ್ನು ಭೇಟಿಯಾದದ್ದು ನಿಜ. ಅಲ್ ಖೈದಾ ಜೊತೆ ನಂಟಿದ್ದ ಜೋರ್ಡಾನಿನ ಭಯೋತ್ಪಾದಕ ಝರ್ಕಾವಿ 2002ರಲ್ಲಿ ಬಾಗ್ದಾದಿನಲ್ಲಿದ್ದದ್ದೂ ನಿಜ. ಪ್ಯಾಲೆಸ್ಟೀನಿನ ಆತ್ಮಹತ್ಯಾ ದಾಳಿಕೋರರ ಕುಟುಂಬಗಳಿಗೆ ಸದ್ದಾಂ ಹಣ ಕೊಡುತ್ತಿದ್ದುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಭೇಟಿಯಾಗುವುದು ಬೇರೆ, ಆಶ್ರಯ ಕೊಡುವುದು ಬೇರೆ, ಕೂಡಿ ದಾಳಿಗೆ ಸಂಚು ಹೂಡುವುದು ಬೇರೆ. ಪ್ರತಿಯೊಂದು ಸಂಗತಿಯೂ ಈ ಮೂರರಲ್ಲಿ ಎಲ್ಲಿಗೆ ಸೇರುತ್ತದೆ ಎಂದು ತಂಡವೇ ಹೇಳಬೇಕು. ಟೆನೆಟ್ ಪತ್ರವನ್ನು ಎರಡೂ ತಂಡಗಳಿಂದ ಇಡಿಯಾಗಿ ಓದಿಸುತ್ತೇನೆ. ದಶಕದಷ್ಟು ಹಿಂದಿನ ಸಂಪರ್ಕಗಳನ್ನು ಹೇಳುವ ಆ ಪತ್ರವೇ, ಇರಾಕ್ ಸದ್ಯಕ್ಕೆ ಅಮೆರಿಕದ ಮೇಲೆ ಭಯೋತ್ಪಾದಕ ದಾಳಿ ನಡೆಸುವ ಮಟ್ಟಕ್ಕೆ ಹೋಗದೆ ನಿಂತಂತಿದೆ ಎಂದೂ ಹೇಳುತ್ತದೆ.

ಎರಡನೆಯ ಹಾಳೆ ಬೇಗ ಮುಗಿಯುತ್ತದೆ. ಕಾರ್ಯಾಚರಣೆಯ ಮಟ್ಟದ ಸಹಕಾರಕ್ಕೆ ಪುರಾವೆ ಕಾಣಲಿಲ್ಲ ಎಂದು ಸೆಪ್ಟೆಂಬರ್ 11ರ ದಾಳಿ ಕುರಿತ ಆಯೋಗ 2004ರಲ್ಲಿ ಹೇಳಿತು. ಸದ್ದಾಂ ಸರ್ಕಾರ ಝರ್ಕಾವಿಯನ್ನು ಹಿಡಿಯಲು ಯತ್ನಿಸಿ ಸೋತಿತ್ತೆಂದು ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಗುಪ್ತಚರ ಸಮಿತಿ 2006ರಲ್ಲಿ ವರದಿ ಮಾಡಿತು.

ಸುಮಾರು ಮೂರು ಸಾವಿರ ಜನರನ್ನು ಒಂದೇ ಬೆಳಿಗ್ಗೆ ಕಳೆದುಕೊಂಡ ದೇಶ ಪೂರ್ಣ ಖಚಿತತೆಗಾಗಿ ಕಾಯಬೇಕಿತ್ತೇ ಎಂಬ ಪ್ರಶ್ನೆ ಕೊನೆಗೂ ಉಳಿಯುತ್ತದೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಖಚಿತತೆ ಇಲ್ಲದೆಯೂ ಸರ್ಕಾರ ನಿರ್ಧಾರಕ್ಕೆ ಬರಬೇಕಾಗಬಹುದು. ಆದರೆ ತನಗಿರುವ ಅನುಮಾನವನ್ನು ಜನರಿಂದ ಮರೆಮಾಡುವ ಅಧಿಕಾರ ಅದಕ್ಕಿಲ್ಲ ಎಂದು ತರಗತಿಯಲ್ಲಿ ನೇರವಾಗಿಯೇ ಹೇಳುತ್ತೇನೆ. ಅಂಕ ಕೊಡುವುದು ಮಾತ್ರ ನನ್ನ ನಿಲುವನ್ನು ಒಪ್ಪಿದ್ದಕ್ಕಲ್ಲ. ಯುದ್ಧಕ್ಕೆ ಎಷ್ಟು ಸಾಕ್ಷ್ಯ ಸಾಕೆಂದು ವಿದ್ಯಾರ್ಥಿ ಮೊದಲೇ ಬರೆದಿಟ್ಟು, 2002ರ ಅಕ್ಟೋಬರಿನಲ್ಲಿ 77–23 ಮತಗಳಿಂದ ಯುದ್ಧಾಧಿಕಾರ ಕೊಟ್ಟ ಸೆನೆಟ್ಟಿನಲ್ಲಿ ತಾನಿದ್ದಿದ್ದರೆ ಯಾವ ಕಡೆಗೆ ಮತ ಹಾಕುತ್ತಿದ್ದೆ ಎಂಬುದನ್ನು ಅದೇ ಅಳತೆಯಿಂದ ಸಮರ್ಥಿಸಿದ್ದರೆ ಪೂರ್ಣ ಅಂಕ ಕೊಡುತ್ತೇನೆ.