‘ಸಂಸ್ಕಾರ’ವನ್ನು ಹಸಿವಿನ ಜಾಡಿನಲ್ಲಿ ಓದಿದ್ದು

ಅನಂತಮೂರ್ತಿಯವರ ‘ಸಂಸ್ಕಾರ’ (1965) ನಮ್ಮಲ್ಲಿ ಬಹಳಷ್ಟು ಜನಕ್ಕೆ ಪಠ್ಯವಾಗಿಯೇ ಪರಿಚಯ. ನವ್ಯ, ಅಸ್ತಿತ್ವವಾದ, ಬ್ರಾಹ್ಮಣ್ಯದ ವಿಮರ್ಶೆ ಎಂದು ಟಿಪ್ಪಣಿ ಬರೆಸುತ್ತಿದ್ದರು. ಕತೆ ಹೇಗೆ ಮುಂದಕ್ಕೆ ಸಾಗುತ್ತದೆ ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲವಲ್ಲ!

ಕಾದಂಬರಿ ಎರಡನೇ ಸಲ ಓದುವಾಗ ನಾನು ಕೈಗೆ ಸಿಗುವಂಥ ಒಂದೇ ಒಂದು ವಸ್ತುವನ್ನು ಹಿಡಿದು ಹೊರಡುತ್ತೇನೆ. ಅದು ಬಂದಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲ್ ಗೆರೆ. ಅರ್ಥದ ಯೋಚನೆ ಆಮೇಲಿನದು. ‘ಸಂಸ್ಕಾರ’ಕ್ಕೆ ಆರಿಸಿಕೊಂಡದ್ದು ಊಟ. ಯಾರು ಉಂಡರು, ಯಾರು ಉಣ್ಣಲಿಲ್ಲ, ಯಾರ ಕೈಯಿಂದ ಉಂಡರು, ಇಷ್ಟೇ.

ಗೆರೆ ಮೊದಲ ಪುಟದಿಂದಲೇ ಬಿತ್ತು. ಮಾಧ್ವರ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಕಾಯಿಲೆಯ ಹೆಂಡತಿ ಭಾಗೀರಥಿಗೆ ಮೀಯಿಸಿ, ಪೂಜೆ ಮುಗಿಸಿ, ಗಂಜಿ ಕುಡಿಸುತ್ತಾರೆ. ತಾವು ಊಟಕ್ಕೆ ಕೂರುವ ಮೊದಲು ಹಸುವಿಗೆ ಗೋಗ್ರಾಸ ಇಟ್ಟು ಬರುತ್ತಾರೆ. ಅಷ್ಟರಲ್ಲಿ ಚಂದ್ರಿಯ ಕೂಗು, ಬ್ರಾಹ್ಮಣ್ಯ ಬಿಟ್ಟು ಅವಳ ಜೊತೆ ಬಾಳುತ್ತಿದ್ದ ನಾರಣಪ್ಪ ಸತ್ತ ಸುದ್ದಿ. ಎಲ್ಲರಿಗೂ ಉಣಿಸಿದವರು ತಾವು ಮಾತ್ರ ಉಣ್ಣದೆ ಹೊರಬೀಳುತ್ತಾರೆ. ಹೆಣ ಸಾಗುವವರೆಗೆ ಅಗ್ರಹಾರದಲ್ಲಿ ದೊಡ್ಡವರು ಯಾರೂ ಉಣ್ಣುವಂತಿಲ್ಲ.

ಕಾದಂಬರಿಕಾರರ ಕಸುಬು ಇರುವುದು ಇಲ್ಲಿ. ‘ಶವಸಂಸ್ಕಾರ ಯಾರು ಮಾಡಬೇಕು’ ಎಂಬುದು ಶಾಸ್ತ್ರದ ಪ್ರಶ್ನೆ. ಓಲೆಗರಿ ಬಿಚ್ಚಿಕೊಂಡು ಕೂತರೆ ತಿಂಗಳುಗಟ್ಟಲೆ ಚರ್ಚಿಸಬಹುದು. ಆದರೆ ಹೊಟ್ಟೆ ಕಾಯುವುದಿಲ್ಲ. ಚರ್ಚೆಗೆ ಗಡುವು ಹಾಕಿದ್ದು ಹಸಿವು. ಇದು ಕಂಡ ಮೇಲೆ ಬಡ ದಾಸಾಚಾರ್ಯನ ಪ್ರಸಂಗ ನನಗೆ ಬರೀ ಹಾಸ್ಯವಾಗಿ ಉಳಿಯಲಿಲ್ಲ. ಶ್ರಾದ್ಧದೂಟವನ್ನೇ ನಂಬಿ ಬದುಕುವವನು ತಡೆಯಲಾರದೆ ಪಾರಿಜಾತಪುರಕ್ಕೆ ಹೋಗಿ, ಮಾಧ್ವರು ಉಣ್ಣಬಾರದ ಸ್ಮಾರ್ತರ ಮಂಜಯ್ಯನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾನೆ. ಆಚಾರ್ಯರು ಕಾಡಿನಲ್ಲಿ ಮುರಿಯಲಿರುವ ಕಟ್ಟನ್ನು ಇವನು ಒಂದು ತಟ್ಟೆ ತಿಂಡಿಯ ಮುಂದೆ ಮುರಿದಿರುತ್ತಾನೆ. ಅವನ ಮುಜುಗರ, ನೆಪ, ಕಡೆಗೆ ಶರಣಾಗತಿ ಎಲ್ಲ ಮುಂದಿನದರ ಸಣ್ಣ ತಾಲೀಮು.

ಮೊದಲ ಭಾಗದ ಕೊನೆಯನ್ನು ಎಲ್ಲರೂ ಕಾಮದ ದೃಶ್ಯವೆಂದೇ ನೆನಪಿಟ್ಟುಕೊಂಡಿರುತ್ತಾರೆ. ಕ್ರಿಯೆಗಳ ಅನುಕ್ರಮ ನೋಡಿ. ಶಾಸ್ತ್ರದಲ್ಲಿ ಉತ್ತರ ಸಿಗದೆ ಕೇಳಲು ಹೋದ ಗುಡಿಯ ಮಾರುತಿಯೂ ಉತ್ತರ ಕೊಡಲಿಲ್ಲ, ಕಾಡಿನ ಕತ್ತಲಲ್ಲಿ ಆಚಾರ್ಯರು ವಾಪಸು ಬರುತ್ತಿದ್ದಾರೆ. ಚಂದ್ರಿ ಕಾಲಿಗೆ ಬೀಳುತ್ತಾಳೆ. ಆಕೆಯ ಎದೆ ಸೋಕಿದಾಗ ಅಷ್ಟು ಹೊತ್ತು ಅರಿವಿಗೇ ಬಾರದ ಹಸಿವು ಭುಗಿಲೆದ್ದು, ಅವರು ‘ಅಮ್ಮಾ’ ಎನ್ನುತ್ತಾರೆ. ಅವಳು ಮಡಿಲಿನ ಬಾಳೆಹಣ್ಣು ತೆಗೆದು, ಸುಲಿದು ತಿನ್ನಿಸುತ್ತಾಳೆ. ಮಿಕ್ಕದ್ದೆಲ್ಲ ಅದರ ನಂತರ. ಇಪ್ಪತ್ತು ವರ್ಷ ಹೆಂಡತಿಗೆ ಉಣಿಸಿದ ಮನುಷ್ಯನಿಗೆ ಈಗ ಇನ್ನೊಬ್ಬರು ಉಣಿಸುತ್ತಿದ್ದಾರೆ. ಮೊದಲ ಪುಟದಲ್ಲಿ ಗಂಜಿಗೆ ಅಷ್ಟು ಜಾಗ ಕೊಟ್ಟದ್ದು ವಾತಾವರಣಕ್ಕಾಗಿ ಎಂದುಕೊಂಡರೆ ಈ ತಿರುವು ತಪ್ಪಿಹೋಗುತ್ತದೆ.

ಮೂರನೇ ಭಾಗದಲ್ಲಿ ಗೆರೆ ಮತ್ತೆ ದಪ್ಪವಾಯಿತು. ಭಾಗೀರಥಿಯನ್ನು ದಹನ ಮಾಡಿ ಹೊರಟ ಆಚಾರ್ಯರು ಸೂತಕದಲ್ಲೇ ಮೇಳಿಗೆ ಜಾತ್ರೆಯ ಪಂಕ್ತಿಯಲ್ಲಿ ಕೂರುತ್ತಾರೆ. ಯಾರೋ ಗುರುತು ಹಿಡಿಯುತ್ತಾರೆ, ಇವರು ಊಟದ ನಡುವೆಯೇ ಎದ್ದು ಹೊರಡುತ್ತಾರೆ. ಆರಂಭದಲ್ಲಿ ಉಣ್ಣದೆ ಹೊರಟದ್ದು ನಿಯಮಕ್ಕಾಗಿ, ಇಲ್ಲಿ ಅರ್ಧಕ್ಕೆ ಎದ್ದದ್ದು ಸಿಕ್ಕಿಬೀಳುವ ಭಯಕ್ಕೆ.

ಎಲ್ಲವೂ ಈ ಜಾಡಿಗೆ ಸಿಗುತ್ತದೆ ಎನ್ನಲಾರೆ. ಕೋಳಿ ಅಂಕ ಸಿಗಲಿಲ್ಲ, ದಾರಿಯಲ್ಲಿ ಜೊತೆಯಾಗಿ ಆಚಾರ್ಯರ ಬೆನ್ನು ಬಿಡದ ಪುಟ್ಟನೂ ಪೂರ್ತಿ ಸಿಗಲಿಲ್ಲ. ಜಾತ್ರೆಯ ಭಾಗಕ್ಕೆ ‘ಯಾರು ಯಾರ ಕಣ್ಣಿಗೆ ಬೀಳುತ್ತಾರೆ’ ಎಂಬ ಬೇರೆಯೇ ಗೆರೆ ಬೇಕು. ಅದನ್ನು ನೀಲಿ ಪೆನ್ಸಿಲಿನಲ್ಲಿ ಶುರು ಮಾಡಿದ್ದೇನೆ; ಎರಡು ಬಣ್ಣಗಳೂ ಒಂದೇ ಸಾಲಿನ ಮೇಲೆ ಬಿದ್ದ ಜಾಗ ಇದುವರೆಗೆ ಆ ಪಂಕ್ತಿಯೊಂದೇ.