ಹನ್ನೊಂದು ಜನರ ಸಂಘ, ಐದು ಜನರ ಕಾಲ್

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ನಮ್ಮ ಸ್ವಸಹಾಯ ಸಂಘದ ವಾರದ ಸಭೆ ನಿಂತುಹೋಯಿತು. ಶಿರಸಿ ಕಡೆಯ ಹಳ್ಳಿ ನಮ್ಮದು. ಸಂಘದಲ್ಲಿ ಹನ್ನೊಂದು ಜನ, ಲೆಕ್ಕ ಬರೆಯುವವಳು ನಾನು. ಉಳಿತಾಯದ ದುಡ್ಡನ್ನು ಚೀಟಿ ಸಮೇತ ನಮ್ಮ ಜಗಲಿಯ ಡಬ್ಬಿಗೆ ಹಾಕಿ ಹೋಗುತ್ತಿದ್ದರು. ಆದರೆ ಸಾಲ ಕೊಡಬೇಕೆಂದರೆ ಎಲ್ಲರೂ ಮಾತಾಡಲೇಬೇಕಲ್ವಾ?

ವಿಡಿಯೊ ಕಾಲ್ ಆಗಲಿಲ್ಲ. ಸ್ಮಾರ್ಟ್‌ಫೋನ್ ಇದ್ದದ್ದು ನಾಲ್ವರಲ್ಲಿ, ಅವರಿಗೂ ಇಂಟರ್‌ನೆಟ್ ಸಿಗುತ್ತಿದ್ದದ್ದು ಗುಡ್ಡ ಹತ್ತಿದರೆ ಮಾತ್ರ. ಹಾಗಾಗಿ ಸಾದಾ ಕಾನ್ಫರೆನ್ಸ್ ಕಾಲ್ ಮಾಡಿದೆ. ಒಬ್ಬರಿಗೆ ಫೋನ್ ಮಾಡಿ, ಅವರನ್ನು ಹೋಲ್ಡ್‌ನಲ್ಲಿಟ್ಟು, ಇನ್ನೊಬ್ಬರಿಗೆ ಮಾಡಿ ಸೇರಿಸುತ್ತ ಹೋಗುವುದು. ಕೀಪ್ಯಾಡ್ ಸೆಟ್ ಇದ್ದವರು ಫೋನ್ ಎತ್ತಿದರೆ ಸಾಕು. ನನ್ನ ಫೋನಿನಲ್ಲಿ ಐದು ಜನರನ್ನಷ್ಟೇ ಸೇರಿಸಲು ಆಗುತ್ತಿತ್ತು. ಮೂರು ಗಂಟೆಗೆ ಐವರು, ಮೂರೂವರೆಗೆ ಉಳಿದ ಐವರು.

ಮೊದಲ ವಾರವೇ ತಪ್ಪು ಮಾಡಿದೆ. ಒಬ್ಬರು 10,000 ರೂಪಾಯಿ ಸಾಲ ಕೇಳಿದ್ದರು. "ಎಲ್ಲರಿಗೂ ಒಪ್ಪಿಗೆ ಅಲ್ವಾ?" ಎಂದೆ. ಯಾರೂ ಬೇಡ ಅನ್ನಲಿಲ್ಲ. ಒಪ್ಪಿಗೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದೆ. ಮರುದಿನ ಮೇಲಿನಮನೆ ಅತ್ತಿಗೆ ಫೋನ್ ಮಾಡಿ, "ನಂಗೆ ಲೈನೇ ಕಟ್ ಆಗಿತ್ತಲ್ಲೇ, ನಾ ಎಲ್ಲಿ ಒಪ್ಪಿದೆ?" ಎಂದರು. ಎದುರೆದುರು ಕೂತಾಗ ತಲೆ ಆಡಿಸಿದ್ದು ಕಾಣುತ್ತದೆ. ಫೋನಿನಲ್ಲಿ ಸುಮ್ಮನಿದ್ದವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗುವುದಿಲ್ಲ. ಆ ಠರಾವು ಹೊಡೆದುಹಾಕಿ ಮತ್ತೆ ಕೇಳಿದೆ.

ಅಲ್ಲಿಂದ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳತೊಡಗಿದೆ. ಅವರು ಬಾಯಿಬಿಟ್ಟು ಹೇಳಿದ್ದನ್ನಷ್ಟೇ ಬರೆದುಕೊಂಡೆ. ಎರಡೂ ಗುಂಪು ಮಾತಾಡುವ ತನಕ ಯಾವುದೂ ತೀರ್ಮಾನವಲ್ಲ. ಕಾಲ್ ಕಟ್ ಆದವರಿಗೆ ಮತ್ತೆ ಮಾಡಿ, ಅವರು ತಪ್ಪಿಸಿಕೊಂಡದ್ದನ್ನು ಹೇಳುತ್ತಿದ್ದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದು ಜಾಸ್ತಿ. ಅಂಥವರಿಗೆ ಮ್ಯೂಟ್ ಎಲ್ಲಿದೆ ಎಂದು ಮೊದಲೇ ಹೇಳಿಕೊಟ್ಟೆ. ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಅಂಥ ದಿನ ಬೆಳಿಗ್ಗೆಯೇ ಸಭೆ.

ಹೀಗೆ ಕೇಳುತ್ತಿದ್ದಾಗಲೇ, ಸಭೆಯಲ್ಲಿ ಕಂಬಕ್ಕೆ ಒರಗಿ ಸುಮ್ಮನೆ ಕೂರುತ್ತಿದ್ದ ಕೆಳಗಿನಮನೆ ಅಕ್ಕ, "ಆಸ್ಪತ್ರೆ ಖರ್ಚಿಗೂ ನೂರಕ್ಕೆ 2 ರೂಪಾಯಿ ಬಡ್ಡಿ ಯಾಕೆ?" ಎಂದು ಕೇಳಿದರು. ಮೂರೂವರೆಯ ಗುಂಪಿನಲ್ಲೂ ಅದನ್ನೇ ಕೇಳಿದೆ. ಆ ವಾರದಿಂದ ಆಸ್ಪತ್ರೆ ಸಾಲಕ್ಕೆ ನೂರಕ್ಕೆ 1 ರೂಪಾಯಿ.