ಆರ್ಡರ್ ಒತ್ತುವ ಮುನ್ನ ಒಂದು ಅಲರ್ಟ್

70 ದಾಟಿದ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಹುಡುಕಲು ಪಿಎಸ್‌ಎ ಎಂಬ ರಕ್ತಪರೀಕ್ಷೆ ಬೇಡ ಎಂದು, ಯಾವ ತಪಾಸಣೆ ಯಾರಿಗೆ ಬೇಕೆಂದು ಶಿಫಾರಸು ಮಾಡುವ ಅಮೆರಿಕದ ತಜ್ಞರ ಸಮಿತಿ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2018ರಲ್ಲೇ ಹೇಳಿದೆ. ಇಲ್ಲಿನ ಕ್ಲಿನಿಕ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಎಲ್ಲ ವೈದ್ಯರಿಗೂ ಇದು ಗೊತ್ತು. ಆದರೂ ವಾರ್ಷಿಕ ತಪಾಸಣೆಗೆ ಬಂದ ಅಜ್ಜನಿಗೆ ಕೊಲೆಸ್ಟ್ರಾಲ್, ಸಕ್ಕರೆಯ ಜೊತೆ ಪಿಎಸ್‌ಎಗೂ ಟಿಕ್ ಬೀಳುತ್ತಿತ್ತು. ಯಾಕೆ ಬೇಡ ಎಂದು ಕೂತು ವಿವರಿಸಲು ಸಮಯ ಬೇಕು, ಟಿಕ್‌ಗೆ ಒಂದು ಕ್ಷಣ ಸಾಕು.

ರೋಗಿಗಳ ದಾಖಲೆ ಇಡುವ ನಮ್ಮ ತಂತ್ರಾಂಶದಲ್ಲಿ, ವೈದ್ಯರು ಆರ್ಡರ್ ಒತ್ತುವಾಗ ತೆರೆಯ ಮೇಲೆ ಎಚ್ಚರಿಸುವ ಅಲರ್ಟ್‌ಗಳನ್ನು ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಆಧರಿಸಿದ್ದು ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಪ್ರಕಟಿಸಿದ, ಇಂಥದೇ ಅಲರ್ಟ್‌ಗಳ ಪ್ರಯೋಗವನ್ನು. 60 ಕ್ಲಿನಿಕ್, 371 ವೈದ್ಯರು, ಮೂರು ವಿಷಯ: 76 ದಾಟಿದ ಗಂಡಸರ ಪಿಎಸ್‌ಎ, 65 ದಾಟಿದ ಹೆಂಗಸರಿಗೆ ಸ್ಪಷ್ಟ ಲಕ್ಷಣವಿಲ್ಲದೆ ಮಾಡಿಸುವ ಮೂತ್ರಪರೀಕ್ಷೆ, 75 ದಾಟಿದವರಲ್ಲಿ ಸಕ್ಕರೆಯನ್ನು ಅತಿಯಾಗಿ ಇಳಿಸುವ ಔಷಧಿ.

ಅಲರ್ಟ್‌ನ ಮಾತು ಹೇಗಿರಬೇಕು ಎಂಬುದಕ್ಕೇ ಹೆಚ್ಚು ಹೊತ್ತು ಕೊಟ್ಟೆ. 'ಮಾರ್ಗಸೂಚಿಯ ಪ್ರಕಾರ ಸೂಕ್ತವಲ್ಲ' ಎಂದರೆ ಯಾರೂ ನಿಲ್ಲುವುದಿಲ್ಲ, ಓದದೆ ಮುಚ್ಚುತ್ತಾರೆ. ಹಾಗಾಗಿ ಎದುರು ಕೂತ ಮನುಷ್ಯನಿಗೆ ಏನಾಗಬಹುದು ಎಂಬುದನ್ನೇ ಬರೆದೆವು: ಪಿಎಸ್‌ಎಗಾದರೆ ಬಯಾಪ್ಸಿ, ಅದರಿಂದ ಸೋಂಕು, ಮುಂದಿನ ಚಿಕಿತ್ಸೆಯಿಂದ ಮೂತ್ರ ಹಿಡಿತ ತಪ್ಪುವುದು. ಅದರ ಕೆಳಗೆ, ಮುಂದುವರಿಯುವುದಾದರೆ ಕಾರಣ ಬರೆಯಿರಿ ಎಂಬ ಖಾಲಿ ಜಾಗ. ಬರೆದದ್ದು ರೋಗಿಯ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ವೈದ್ಯರೂ ಓದುತ್ತಾರೆ. ನನ್ನ ದೃಷ್ಟಿಯಲ್ಲಿ ನಿಜವಾದ ಬಲ ಇರುವುದು ಈ ಖಾಲಿ ಜಾಗದಲ್ಲಿ. ಕಾರಣವಿದ್ದವರು ಬರೆಯುತ್ತಾರೆ. ಇಲ್ಲದವರು ಆರ್ಡರ್ ಅಳಿಸುತ್ತಾರೆ.

ಮೂತ್ರಪರೀಕ್ಷೆಯ ಅಲರ್ಟ್‌ಗೆ ವಿರೋಧ ಬಂದದ್ದು ಮನೆಯವರಿಂದ. 'ಅಮ್ಮ ಮಂಕಾಗಿದ್ದಾರೆ, ಯೂರಿನ್ ನೋಡಿಬಿಡಿ' ಎನ್ನುತ್ತಾರೆ. ವಯಸ್ಸಾದ ಹೆಂಗಸರ ಮೂತ್ರದಲ್ಲಿ ಯಾವ ತೊಂದರೆಯೂ ಕೊಡದ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ವರದಿ ಪಾಸಿಟಿವ್ ಬಂದರೆ ಆ್ಯಂಟಿಬಯಾಟಿಕ್, ಅದರ ಹಿಂದೆಯೇ ಭೇದಿ, ಸುಸ್ತು. ಮಂಕಿನ ನಿಜ ಕಾರಣ, ಅಂದರೆ ನಿದ್ರೆ ಮಾತ್ರೆಯೋ ನೀರಿನ ಕೊರತೆಯೋ ಮಲಬದ್ಧತೆಯೋ, ಹಾಗೇ ಉಳಿಯುತ್ತದೆ. ಅದಕ್ಕೇ ಮನೆಯವರಿಗೆ ಏನು ಹೇಳಬೇಕೆಂಬ ಎರಡು ವಾಕ್ಯವನ್ನು ಅಲರ್ಟ್‌ನಲ್ಲೇ ಸೇರಿಸಿದೆವು. ಊರಿನಿಂದ ಬಂದ ಕನ್ನಡದ ತಂದೆತಾಯಿಯರಿಗೆ ಅದನ್ನೇ ಕನ್ನಡದಲ್ಲಿ ಹೇಳುತ್ತೇನೆ. ಪೂರ್ತಿ ಬಾಡಿ ಚೆಕಪ್ ಪ್ಯಾಕೇಜಿನ ವರದಿ ಹಿಡಿದು ಬರುವವರ ಜೊತೆಗಂತೂ ಮಾತು ಉದ್ದವಾಗುತ್ತದೆ.

ಕಷ್ಟದ್ದು ಮಧುಮೇಹ. ಆ ಪ್ರಯೋಗದಲ್ಲೂ ವರ್ಷಕ್ಕೆ ಪ್ರತಿ 100 ರೋಗಿಗಳ ಲೆಕ್ಕದಲ್ಲಿ ಪಿಎಸ್‌ಎ 8.7, ಮೂತ್ರಪರೀಕ್ಷೆ 5.5ರಷ್ಟು ತಗ್ಗಿದರೆ ಮಧುಮೇಹದ ಅತಿಚಿಕಿತ್ಸೆ ತಗ್ಗಿದ್ದು 1.4 ಮಾತ್ರ. ಪರೀಕ್ಷೆ ಬರೆಯದಿರುವುದು ಬೇರೆ, ವರ್ಷಗಟ್ಟಲೆ ನುಂಗಿದ ಮಾತ್ರೆ ನಿಲ್ಲಿಸುವುದು ಬೇರೆ. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.5 ಬಂದರೆ ರೋಗಿ ಹೆಮ್ಮೆಪಡುತ್ತಾರೆ. ಅದೇ ಅಂಕಿ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಎಂಬ ಸಕ್ಕರೆ ಇಳಿಸುವ ಮಾತ್ರೆಯಿಂದ ಬಂದಿದ್ದರೆ, 80ರ ವಯಸ್ಸಿನಲ್ಲಿ ರಾತ್ರಿ ಸಕ್ಕರೆ ಕುಸಿದು ಬಿದ್ದು ಸೊಂಟ ಮುರಿಯುವ ಅಪಾಯವಿದೆ. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ಒಂದೇ ಇದ್ದರೆ ಆ ಭಯ ತೀರಾ ಕಡಿಮೆ, ಅದಕ್ಕೆ ಅಲರ್ಟ್ ಇಲ್ಲ.

ಈಗ ಈ ಅಲರ್ಟ್ ಬರುವುದು ಮಾತ್ರೆ ರಿನ್ಯೂ ಮಾಡುವ ಹೊತ್ತಿಗೆ. ನಿಲ್ಲಿಸಿ ಎನ್ನುವುದಿಲ್ಲ, ಡೋಸ್ ಅರ್ಧಕ್ಕಿಳಿಸುವ ಆರ್ಡರ್ ಸಿದ್ಧವಾಗಿ ತೆರೆದುಕೊಳ್ಳುತ್ತದೆ, ಜೊತೆಗೆ ಮೂರು ತಿಂಗಳಿಗೆ ಮರುಪರೀಕ್ಷೆ ಮತ್ತು ನರ್ಸ್ ಫೋನ್ ಕರೆ. ನಡುವೆ ಸಕ್ಕರೆ ಏರಿದರೆ ನರ್ಸ್ ನನಗೆ ತಿಳಿಸುತ್ತಾರೆ.